ತಂತ್ರಯೋಗವೂ ಕನ್ನಡದ ಶಿವಯೋಗವೂ: ಒಂದು ವಿವೇಚನೆ

ತಂತ್ರವೆಂಬ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಒದಗಿರುವ ಪಾಡು ಬೇರೆ ಯಾವ ಶಾಸ್ತ್ರಶಬ್ದಕ್ಕೂ ಒದಗಿರಲಾರದು. ಹಳ್ಳಿಯಲ್ಲಿ ಅದು ಮಾಟ ಮಂತ್ರಗಳ ಬೆನ್ನಿಗೆ ಅಂಟಿಕೊಂಡ ಮಾತು. ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಮಕ್ಕಳು ಬಳಸಿ ನಡೆಯುತ್ತಾರೆ. ದೊಡ್ಡವರು ‘ಯಾರೋ ತಂತ್ರ ಮಾಡ್ಯಾರ’ ಎಂದು ಕೆಮ್ಮಿ ಉಗುಳುತ್ತಾರೆ. ಪಟ್ಟಣದಲ್ಲಿ ಅದೇ ಶಬ್ದವು ಹಣ ತೆತ್ತು ಸೇರತಕ್ಕ ಶಿಬಿರದ ಹೆಸರಾಗಿದೆ. ಹತ್ತು ದಿನಗಳಲ್ಲಿ ಕುಂಡಲಿನಿಯನ್ನು ಎಬ್ಬಿಸಿ ಕೊಡುವುದಾಗಿ ಹೇಳುವ ಚೀಟಿಗಳು ಬಸ್ ನಿಲ್ದಾಣದ ಕಂಬಗಳಿಗೂ ಅಂಟಿರುತ್ತವೆ. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯಲು ಕರ್ನಾಟಕವು ೨೦೧೭ರಲ್ಲಿ ಮಾಡಿ ೨೦೨೦ರ ಜನವರಿಯಲ್ಲಿ ಜಾರಿಗೆ ತಂದ ಕಾಯದೆಯ ವಿಷಯವಾಗಿ ಕನ್ನಡದಲ್ಲಿ ಬರೆಯುವವರಲ್ಲಿ ಅನೇಕರು ‘ವಾಮಾಚಾರ’ವೆಂಬ ಮಾತನ್ನು ಬಳಸಿದರು. ಕಾಯದೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂತ್ರಶಾಸ್ತ್ರದೊಳಗಿನ ಒಂದು ಆಚಾರಭೇದಕ್ಕಿದ್ದ ಹೆಸರು ಅಪರಾಧದ ಹೆಸರಾಗಿ ನಿಂತಿತೆಂಬುದನ್ನು ಭಾಷೆಯನ್ನು ಕಲಿಸುವ ನಾವು ಗಮನಿಸದೆ ಇರಲಾಗದು.

ಹೀಗೆ ಒಂದು ಕಡೆ ಅಂಜಿಕೆ, ಇನ್ನೊಂದು ಕಡೆ ವ್ಯಾಪಾರ. ನಡುವೆ ಶಬ್ದದ ಅರ್ಥ ಯಾರಿಗೂ ಬೇಡವಾಗಿದೆ. ತಂತ್ರಯೋಗವೆಂದರೆ ಏನು, ಅದರಲ್ಲಿ ಹೇಳುವ ಶಕ್ತಿ ಯಾವುದು, ಧ್ಯಾನ ಯಾವುದು ಎಂಬುದನ್ನು ಅಧ್ಯಾಪಕ ಬಂಧುಗಳಿಗೆ ತಿಳಿಯುವಷ್ಟರ ಮಟ್ಟಿಗೆ ಹೇಳಿ, ಕನ್ನಡದ ಅನುಭಾವಿಗಳು ಅದನ್ನು ತೆಗೆದುಕೊಂಡ ಬಗೆಯೇನು, ಬಿಟ್ಟ ಬಗೆಯೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾನು ಸಾಧಕನಲ್ಲ, ಪಾಠ ಹೇಳುವವನು. ಆದುದರಿಂದ ಇಲ್ಲಿರುವುದು ಗ್ರಂಥಗಳ ವಿವೇಚನೆಯೇ ಹೊರತು ಅಭ್ಯಾಸಕ್ಕೆ ಉಪದೇಶವಲ್ಲ.

ಈ ವಿಷಯವನ್ನು ಗಡಿನಾಡಿನ ಸಂಚಿಕೆಗೆ ಆರಿಸಿಕೊಂಡುದೇಕೆಂದು ಯಾರಾದರೂ ಕೇಳಬಹುದು. ಉಂಡವಳ್ಳಿಯೆಂದೊಡನೆ ಹೊರಗಿನವರಿಗೆ ಗುಂಟೂರು ಕಡೆಯ ಗುಹಾಲಯದ ಉಂಡವಲ್ಲಿ ನೆನಪಾಗುತ್ತದೆ. ನಮ್ಮದು ಅದಲ್ಲ, ಆಲಂಪುರದ ಮಗ್ಗುಲಿನದು. ೧೯೫೬ರ ನವೆಂಬರ್ ಒಂದರವರೆಗೆ ಆಲಂಪುರ, ಗದ್ವಾಲ ತಾಲೂಕುಗಳು ರಾಯಚೂರು ಜಿಲ್ಲೆಯವು. ಆ ದಿನ ಅವು ಮಹಬೂಬನಗರಕ್ಕೆ ಸೇರಿದವು. ೨೦೧೬ರಲ್ಲಿ ಜೋಗುಲಾಂಬಾ ಗದ್ವಾಲ ಎಂಬ ಜಿಲ್ಲೆಯಾದವು. ಜಿಲ್ಲೆಗೇ ದೇವಿಯ ಹೆಸರು ಬಂದಿದೆ, ಆ ದೇವಿಯಾದರೋ ತಂತ್ರಮಾರ್ಗದ ದೇವಿ. ಹದಿನೆಂಟು ಶಕ್ತಿಪೀಠಗಳಲ್ಲಿ ಇದೊಂದೆಂದು ಪರಂಪರೆ ಎಣಿಸುತ್ತದೆ. ಕೆದರಿದ ಕೂದಲಲ್ಲಿ ಚೇಳು, ಹಲ್ಲಿಗಳು, ಆಸನ ಶವ. ಹಳೆಯ ಗುಡಿ ಹಾಳಾದ ಬಳಿಕ ಶತಮಾನಗಳ ಕಾಲ ಈ ಮೂರ್ತಿ ಬಾಲಬ್ರಹ್ಮೇಶ್ವರನ ಗುಡಿಯಲ್ಲಿದ್ದು, ೨೦೦೫ರಲ್ಲಿ ಹೊಸ ಗುಡಿಗೆ ಬಂದಿತು. ಯೋಗಿಗಳಿಗೆ ತೆಲುಗಿನಲ್ಲಿ ‘ಯೋಗುಲು’. ಯೋಗುಲ ಅಂಬ ಜೋಗುಲಾಂಬೆಯಾದಳೆಂದು ಹೇಳುವುದುಂಟು. ಯೋಗವು ಜೋಗವಾಗುವುದು, ಯೋಗಿಯು ಜೋಗಿಯಾಗುವುದು ಕನ್ನಡಕ್ಕೂ ಸಹಜವಾದ ಕಾರಣ ಈ ನಿಷ್ಪತ್ತಿಯನ್ನು ತಳ್ಳಿಹಾಕಲು ಕಾರಣವಿಲ್ಲ. ಕನ್ನಡದ ಕಿವಿಗೆ ಮಾತ್ರ ಆ ಹೆಸರಿನಲ್ಲಿ ತೊಟ್ಟಿಲ ಜೋಗುಳ ಕೇಳಿಸುತ್ತದೆ. ಶವದ ಮೇಲೆ ಕುಳಿತವಳ ಹೆಸರಿನಲ್ಲಿ ಜೋಗುಳ! ನಮ್ಮ ಹೆಣ್ಣುಮಕ್ಕಳು ಇದರಲ್ಲಿ ಯಾವ ವಿರೋಧವನ್ನೂ ಕಾಣದೆ ಮಕ್ಕಳನ್ನು ಎತ್ತಿಕೊಂಡು ಹೋಗಿ ಅವಳ ಕಾಲಿಗೆ ಹಾಕಿ ಬರುತ್ತಾರೆ.

ಅದೇ ಊರಲ್ಲಿ ಬಾದಾಮಿ ಚಾಲುಕ್ಯರು ಏಳು, ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ಗುಡಿಗಳಿವೆ. ಹೆಸರು ಬ್ರಹ್ಮನದು, ಒಳಗಿರುವುದು ಶಿವಲಿಂಗ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ ಅಲ್ಲಿ ದೊರೆತಿವೆ. ಸ್ಥಳದ ಐತಿಹ್ಯವು ಈ ಗುಡಿಗಳಿಗೆ ರಸಸಿದ್ಧನೊಬ್ಬನ ಕಥೆಯನ್ನು ಕೂಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಆಲಂಪುರವು ಶ್ರೀಶೈಲದ ಪಶ್ಚಿಮದ್ವಾರ. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಉತ್ತರಕ್ಕೆ ಉಮಾಮಹೇಶ್ವರ. ಎಂಟನೆಯ ಶತಮಾನದ ಭವಭೂತಿಯು ‘ಮಾಲತೀಮಾಧವ’ ನಾಟಕದ ಕಾಪಾಲಿಕಿಯನ್ನು ಶ್ರೀಪರ್ವತದಿಂದ ತರಿಸಿಕೊಂಡಿದ್ದಾನೆ. ಅಂದರೆ ಉತ್ತರದ ಕವಿಗೂ ಶ್ರೀಶೈಲವೆಂದರೆ ಸಿದ್ಧರ ಬೀಡು. ಕರ್ನಾಟಕದಿಂದ ಆ ಬೆಟ್ಟಕ್ಕೆ ನಡೆದ ಸಾಧಕರಲ್ಲಿ ಎಷ್ಟೋ ಮಂದಿ ತುಂಗಭದ್ರೆಯ ದಡ ಹಿಡಿದು ನಮ್ಮ ಹೊಲಗಳ ಬದುವಿನ ಮೇಲೆಯೇ ಹೋಗಿರಬೇಕು.

ಇನ್ನು ವಿಷಯಕ್ಕೆ ಬರೋಣ. ‘ತನ್’ ಎಂಬ ಧಾತುವಿಗೆ ಹರಡು, ವಿಸ್ತರಿಸು ಎಂದರ್ಥ. ನೇಕಾರನ ಮಗ್ಗದ ಹಾಸಿಗೂ ಸಂಸ್ಕೃತದಲ್ಲಿ ತಂತ್ರವೆಂದೇ ಹೆಸರು. ನಾರಾಯಣಪೇಟೆಯ ಸೀರೆಯನ್ನು ಕಂಡ ನಮಗೆ ಈ ಅರ್ಥ ತಿಳಿಯದೆ ಹೋಗಬೇಕಾಗಿಲ್ಲ: ಹಾಸು ಹೊಕ್ಕುಗಳಾಗಿ ವಿಚಾರವನ್ನೂ ಕ್ರಿಯೆಯನ್ನೂ ನೇಯ್ದ ಶಾಸ್ತ್ರ ತಂತ್ರ. ಶೈವಾಗಮಗಳು ಇಪ್ಪತ್ತೆಂಟು, ಚರ್ಯೆ, ಕ್ರಿಯೆ, ಯೋಗ, ಜ್ಞಾನ ಎಂಬ ನಾಲ್ಕು ಪಾದಗಳಲ್ಲಿ ಆಗಮದ ವಿಷಯವನ್ನು ಹಂಚುವುದು ರೂಢಿ. ಗುಡಿಯ ಪೂಜೆಯೂ ಮನೆಯ ಪೂಜೆಯೂ ಬಹುಮಟ್ಟಿಗೆ ಈ ಆಗಮಗಳಿಂದಲೇ ಬಂದವು. ತಂತ್ರವೆಂದರೆ ಮೂಗು ಮುರಿಯುವ ಸಜ್ಜನರು ದಿನವೂ ಮಾಡುವ ನ್ಯಾಸ, ಬೀಜಾಕ್ಷರ, ಪ್ರಾಣಪ್ರತಿಷ್ಠೆಗಳೆಲ್ಲ ತಂತ್ರವೇ.

ಈ ಶಾಸ್ತ್ರದ ಯೋಗಭಾಗದ ತಿರುಳು ಒಂದು ವಾಕ್ಯದಲ್ಲಿ ಹೇಳಬಹುದಾದದ್ದು. ಹೊರಗಿನ ಬ್ರಹ್ಮಾಂಡವನ್ನು ನಡೆಸುವ ಶಕ್ತಿ ಯಾವುದೋ ಅದೇ ಈ ಪಿಂಡದಲ್ಲಿಯೂ ಇದೆ. ಅದು ಸುತ್ತಿಕೊಂಡು ಮಲಗಿದ ಹಾವಿನಂತೆ ಮೂಲಾಧಾರದಲ್ಲಿದೆ. ಉಸಿರು, ಮಂತ್ರ, ಭಾವನೆಗಳಿಂದ ಅದನ್ನು ಎಬ್ಬಿಸಿ ನಡುನಾಡಿಯ ಮೂಲಕ ನೆತ್ತಿಯ ಶಿವನಲ್ಲಿ ಕೂಡಿಸುವುದು. ನಾಡಿಗಳು ಎಪ್ಪತ್ತೆರಡು ಸಾವಿರವೆಂದು ಹೇಳಿದರೂ ಕೆಲಸಕ್ಕೆ ಬರುವವು ಮೂರು: ಎಡಕ್ಕೆ ಇಡೆ, ಬಲಕ್ಕೆ ಪಿಂಗಳೆ, ನಡುವೆ ಸುಷುಮ್ನೆ. ಸುಷುಮ್ನೆಯಲ್ಲಿ ಆರು ಚಕ್ರಗಳು. ೧೫೭೭ರಲ್ಲಿ ಬಂಗಾಳದ ಪೂರ್ಣಾನಂದಯತಿಯು ಬರೆದ ‘ಷಟ್ಚಕ್ರನಿರೂಪಣ’ವು ಇವುಗಳ ಬಣ್ಣ, ದಳ, ಅಕ್ಷರ, ದೇವತೆಗಳನ್ನೆಲ್ಲ ವಿವರಿಸುತ್ತದೆ, ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಸರ್ ಜಾನ್ ವುಡ್ರಫ್ ಅವರು ಆರ್ಥರ್ ಅವಲಾನ್ ಎಂಬ ಹೆಸರಿನಿಂದ ೧೯೧೯ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಲೋಕಕ್ಕೆಲ್ಲ ಈ ಚಿತ್ರವೇ ಪರಿಚಿತವಾಯಿತು. ಇಂದು ಶಿಬಿರಗಳ ಗೋಡೆಯ ಮೇಲೆ ತೂಗುವ ಪಟದ ಮೂಲ ಇದೇ.

ಒಂದನೆಯ ತರಗತಿಯ ಅಧ್ಯಾಪಕರು ಇಲ್ಲೊಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮೂಲಾಧಾರಕ್ಕೆ ನಾಲ್ಕು ದಳ, ಅವುಗಳಲ್ಲಿ ವ, ಶ, ಷ, ಸ. ಸ್ವಾಧಿಷ್ಠಾನದ ಆರರಲ್ಲಿ ಬ ದಿಂದ ಲ ದವರೆಗೆ. ಮಣಿಪೂರದ ಹತ್ತರಲ್ಲಿ ಡ ದಿಂದ ಫ ದವರೆಗೆ. ಅನಾಹತದ ಹನ್ನೆರಡರಲ್ಲಿ ಕ ದಿಂದ ಠ ದವರೆಗೆ. ವಿಶುದ್ಧಿಯ ಹದಿನಾರರಲ್ಲಿ ಸ್ವರಗಳು. ಆಜ್ಞೆಯ ಎರಡರಲ್ಲಿ ಹ, ಕ್ಷ. ಕೂಡಿಸಿದರೆ ಐವತ್ತು. ಮಕ್ಕಳು ಸ್ಲೇಟಿನ ಮೇಲೆ ತಿದ್ದುವ ಅಕ್ಷರಮಾಲೆಯೇ ಸಾಧಕನ ಬೆನ್ನುಹುರಿಯ ಉದ್ದಕ್ಕೂ ಇಳಿದಿದೆ. ಮಾತು ಗಂಟಲಲ್ಲಿ ಹುಟ್ಟುವುದೆಂದು ನಾವು ವ್ಯಾಕರಣದಲ್ಲಿ ಹೇಳಿಕೊಡುತ್ತೇವೆ. ತಾಂತ್ರಿಕನು ಅದರ ಬೇರನ್ನು ಆಧಾರಚಕ್ರದವರೆಗೆ ಹುಡುಕಿಕೊಂಡು ಹೋದನು. ನನ್ನ ಅಭಿಪ್ರಾಯದಲ್ಲಿ ಚಕ್ರಗಳ ವರ್ಣನೆಯಲ್ಲಿ ಸಾಹಿತ್ಯದವನಿಗೆ ಹೆಚ್ಚು ಸಂಬಂಧಪಟ್ಟ ಭಾಗವಿದು. ಅಕ್ಷರಗಳನ್ನು ಬಿಟ್ಟು ಬಣ್ಣಗಳನ್ನಷ್ಟೇ ಹೇಳುವ ಪುಸ್ತಕಗಳನ್ನು ನಂಬುವುದು ಕಷ್ಟ.

ಇನ್ನೊಂದು ಲೆಕ್ಕ. ಮನುಷ್ಯನು ಒಂದು ಹಗಲು ರಾತ್ರಿಯಲ್ಲಿ ೨೧,೬೦೦ ಸಲ ಉಸಿರಾಡುತ್ತಾನೆಂದೂ ಪ್ರತಿ ಉಸಿರೂ ತಾನಾಗಿ ನಡೆಯುವ ಜಪವೆಂದೂ ಗ್ರಂಥಗಳು ಹೇಳುತ್ತವೆ. ಅದಕ್ಕೆ ಅಜಪಾ ಎಂದು ಹೆಸರು. ಭಾಗಿಸಿ ನೋಡಿದರೆ ನಿಮಿಷಕ್ಕೆ ಹದಿನೈದು ಬರುತ್ತದೆ. ವಿಶ್ರಾಂತಿಯಲ್ಲಿರುವ ಪ್ರಾಯದವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುವರೆಂದು ಇಂದಿನ ವೈದ್ಯರು ಹೇಳುವುದಕ್ಕೆ ಇದು ಸರಿಹೊಂದುತ್ತದೆ. ಮಂತ್ರಜಪ ಮಾಡುವಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕಿಳಿದು ಹೃದಯದ ಲಯಕ್ಕೆ ಅನುಕೂಲವಾಗುವುದೆಂದು ಇಟಲಿಯ ವೈದ್ಯರ ತಂಡವೊಂದು ೨೦೦೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿತು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಲ್ಲಿಯೂ ಅವರು ಇದೇ ಫಲವನ್ನು ಕಂಡರು. ಇಷ್ಟರ ಮಟ್ಟಿಗೆ ಇದನ್ನು ಅಳೆಯಬಹುದು. ಇದರಾಚೆಗೆ ‘ಎನರ್ಜಿ’ ಎಂದು ಹೇಳುತ್ತ ವಿದ್ಯುತ್ತಿನಂತೆ ಶಕ್ತಿಯು ಕೈಯಿಂದ ಕೈಗೆ ಹರಿಯುವುದೆನ್ನುವವರು ಶಾಸ್ತ್ರಕ್ಕೂ ದೂರ, ವಿಜ್ಞಾನಕ್ಕೂ ದೂರ. ತಂತ್ರದ ಶಕ್ತಿಯು ಚಿತ್‌ಶಕ್ತಿ: ಅರಿಯುವ ಶಕ್ತಿ. ಅರಿವನ್ನು ಬಿಟ್ಟು ಶಕ್ತಿಯನ್ನಷ್ಟೇ ಬೇಡುವವನಿಗೆ ಕೊಡಲು ಆ ಶಾಸ್ತ್ರದಲ್ಲಿ ಏನೂ ಇಲ್ಲ.

ಚಕ್ರಗಳು ನಿಜವಾಗಿ ಇವೆಯೇ? ಎಲ್ಲ ತರಗತಿಗಳಲ್ಲಿಯೂ ಯಾವನಾದರೊಬ್ಬ ಹುಡುಗ ಕೇಳುವ ಪ್ರಶ್ನೆ ಇದು. ದಯಾನಂದ ಸರಸ್ವತಿಯವರು ತರುಣ ಸಂನ್ಯಾಸಿಯಾಗಿದ್ದಾಗ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿ, ನದಿಯಲ್ಲಿ ತೇಲಿಬಂದ ಹೆಣವನ್ನು ಎಳೆದು ಕೊಯ್ದು ನೋಡಿ, ಗ್ರಂಥದಲ್ಲಿದ್ದುದು ದೇಹದಲ್ಲಿ ಕಾಣದಿರಲು ಗ್ರಂಥಗಳನ್ನು ಹರಿದು ಹೆಣದ ಜೊತೆಗೆ ನೀರಿಗೆ ಬಿಟ್ಟರೆಂದು ಅವರ ಆತ್ಮಕಥನದಲ್ಲಿದೆ. ಅವರ ಸತ್ಯನಿಷ್ಠೆಗೆ ಕೈಮುಗಿಯಬೇಕು. ಆದರೂ ಪರೀಕ್ಷೆಯ ವಿಷಯದಲ್ಲಿ ಒಂದು ಮಾತುಂಟು: ಗ್ರಂಥಗಳು ಭಾವಿಸು, ಧ್ಯಾನಿಸು ಎಂದವು, ಭಾವಿಸುವವನು ಹೋದ ಮೇಲೆ ಉಳಿದ ಒಡಲಲ್ಲಿ ಅವರು ಹುಡುಕಿದರು. ಭೂಪಟದ ಮೇಲಿನ ಅಕ್ಷಾಂಶ ರೇಖೆಗಳನ್ನು ಹೊಲದಲ್ಲಿ ಅಗೆದು ನೋಡಿದರೆ ಸಿಕ್ಕುವುದಿಲ್ಲ. ಆದರೂ ಹಡಗು ಅವುಗಳಿಂದಲೇ ದಡ ಸೇರುತ್ತದೆ. ಚಕ್ರಗಳನ್ನು ಮಾಂಸದ ಗಂಟುಗಳೆಂದು ಸಾಧಿಸಹೊರಡುವ ಇಂದಿನ ಭಕ್ತರೂ ಇದೇ ತೊಡಕಿನವರು. ದಯಾನಂದರಿಗಿದ್ದ ಧೈರ್ಯ ಮಾತ್ರ ಅವರಿಗಿಲ್ಲ.

ಈಗ ಕನ್ನಡಕ್ಕೆ ಬರೋಣ. ಶರಣರಿಗೂ ತಂತ್ರಕ್ಕೂ ಸಂಬಂಧವೇ ಇಲ್ಲವೆಂದು ವಾದಿಸುವವರುಂಟು. ಶರಣರದೆಲ್ಲ ತಂತ್ರವೇ ಎನ್ನುವವರೂ ಉಂಟು. ಗ್ರಂಥಗಳನ್ನು ತೆರೆದರೆ ಎರಡೂ ನಿಲ್ಲಲಾರವು. ಚೆನ್ನಬಸವಣ್ಣನ ಹೆಸರಿನಲ್ಲಿರುವ ‘ಕರಣಹಸುಗೆ’ಯನ್ನೂ ಷಟ್‌ಸ್ಥಲದ ವಚನಗಳನ್ನೂ ಓದಿದರೆ ಆರು ಚಕ್ರಗಳು ಅಲ್ಲಿ ಸ್ಪಷ್ಟವಾಗಿ ಕಾಣಬರುತ್ತವೆ. ಆದರೆ ಅವುಗಳಲ್ಲಿ ಕುಳಿತವರು ಬೇರೆ. ಆಧಾರದಲ್ಲಿ ಆಚಾರಲಿಂಗ, ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಮಣಿಪೂರದಲ್ಲಿ ಶಿವಲಿಂಗ, ಅನಾಹತದಲ್ಲಿ ಜಂಗಮಲಿಂಗ, ವಿಶುದ್ಧಿಯಲ್ಲಿ ಪ್ರಸಾದಲಿಂಗ, ಆಜ್ಞೆಯಲ್ಲಿ ಮಹಾಲಿಂಗ. ಇವುಗಳಿಗೆ ಕ್ರಮವಾಗಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಸ್ಥಲಗಳು. ಷಡಕ್ಷರಿಯ ಆರು ಅಕ್ಷರಗಳು. ಮೂಗು, ನಾಲಗೆ, ಕಣ್ಣು, ಚರ್ಮ, ಕಿವಿ, ಹೃದಯಗಳೆಂಬ ಆರು ಮುಖಗಳು.

ಇದನ್ನು ಬರಿಯ ಹೆಸರುಗಳ ಬದಲಾವಣೆಯೆಂದು ತಿಳಿಯುವ ವಿದ್ವಾಂಸರಿದ್ದಾರೆ. ನಾನು ಒಪ್ಪಲಾರೆ. ಎಬ್ಬಿಸಬೇಕಾದ ಹಾವು ಮಲಗಿದ್ದ ಜಾಗದಲ್ಲಿ ಕನ್ನಡದವರು ‘ಆಚಾರ’ವನ್ನು ತಂದು ಕೂರಿಸಿದರು. ಸತ್ಯ ನುಡಿಯುವುದು, ದುಡಿದು ತಿನ್ನುವುದು, ಮತ್ತೊಬ್ಬರ ಸೊತ್ತಿಗೆ ಕೈಚಾಚದಿರುವುದು. ಬುಡದ ಚಕ್ರದಲ್ಲಿ ಇದಿಲ್ಲದೆ ಮೇಲಿನ ಐದಕ್ಕೆ ದಾರಿಯಿಲ್ಲ. ಎರಡನೆಯದಾಗಿ, ಪ್ರತಿ ಚಕ್ರವನ್ನೂ ಒಂದೊಂದು ಇಂದ್ರಿಯಕ್ಕೆ ಕಟ್ಟಿದರು. ಹೂವಿನ ವಾಸನೆಯನ್ನು ಮೂಗಿನ ಮುಖದಿಂದ ಆಚಾರಲಿಂಗಕ್ಕೆ, ಅನ್ನದ ರುಚಿಯನ್ನು ನಾಲಗೆಯ ಮುಖದಿಂದ ಗುರುಲಿಂಗಕ್ಕೆ ಅರ್ಪಿಸಬೇಕು. ಆಗ ಸಾಧನೆಗೆ ಗವಿ ಬೇಕಿಲ್ಲ. ಅಡುಗೆಮನೆ, ಹೊಲ, ಮಗ್ಗ ಎಲ್ಲವೂ ಸಾಧನೆಯ ಜಾಗವೇ. ಮೂರನೆಯದಾಗಿ, ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಎವೆಯಿಕ್ಕದೆ ನೋಡುವುದನ್ನು ಇಟ್ಟುಕೊಂಡರು. ಹೊರಗಿನ ಈ ದೃಷ್ಟಿಯೋಗವು ನಿಧಾನವಾಗಿ ಒಳಗಿನ ಪ್ರಾಣಲಿಂಗಕ್ಕೆ ತಿರುಗುತ್ತದೆ. ಶಕ್ತಿಯನ್ನು ಬಲವಂತದಿಂದ ಎಬ್ಬಿಸುವ ಮಾತು ಇಲ್ಲಿ ಹಿಂದೆ ಸರಿದಿದೆ. ಹದಿನೈದನೆಯ ಶತಮಾನದ ಚೆನ್ನಸದಾಶಿವಯೋಗಿಯ ಸಂಸ್ಕೃತ ‘ಶಿವಯೋಗಪ್ರದೀಪಿಕೆ’ಯು ಮಂತ್ರ, ಲಯ, ಹಠ, ರಾಜ ಎಂಬ ನಾಲ್ಕು ಯೋಗಗಳನ್ನು ಹೇಳಿ, ಯೋಗದ ಅಂಗಗಳನ್ನೇ ಶಿವಪೂಜೆಯನ್ನಾಗಿ ಕಂಡಿದೆ. ನಿಜಗುಣ ಶಿವಯೋಗಿಯು ‘ವಿವೇಕಚಿಂತಾಮಣಿ’ಯಲ್ಲಿ ಯೋಗದ ವಿಷಯವನ್ನು ಇತರ ಶಾಸ್ತ್ರಗಳ ಜೊತೆ ಸುಲಭವಾದ ಗದ್ಯದಲ್ಲಿ ಅಡಕಮಾಡಿದನು, ಆ ಗ್ರಂಥವು ಮರಾಠಿಗೂ ತಮಿಳಿಗೂ ಹೋಯಿತು. ಇಂದಿನ ಯೋಗದ ಪುಸ್ತಕ ಬರೆಯುವವರು ಅವನ ಗದ್ಯವನ್ನು ಒಂದು ಸಲವಾದರೂ ಓದಿದ್ದರೆ ತಮ್ಮ ವಾಕ್ಯಗಳನ್ನು ಅರ್ಧಕ್ಕೆ ಇಳಿಸುತ್ತಿದ್ದರು.

ಎಲ್ಲಕ್ಕಿಂತ ವಿಚಾರಾರ್ಹವಾದುದು ಅಲ್ಲಮಪ್ರಭುವಿನ ಸ್ಥಾನ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯ ಮೊದಲಲ್ಲಿ ಹಠಯೋಗದಿಂದ ಕಾಲವನ್ನು ಗೆದ್ದ ಮಹಾಸಿದ್ಧರ ಪಟ್ಟಿಯಿದೆ. ಮತ್ಸ್ಯೇಂದ್ರ, ಗೋರಕ್ಷರ ಜೊತೆಗೆ ಅಲ್ಲಮಪ್ರಭುದೇವನ ಹೆಸರೂ ಅಲ್ಲಿ ಬರುತ್ತದೆ. ಕನ್ನಡದ ಅನುಭಾವಿಯೊಬ್ಬನು ಭರತಖಂಡದ ಯೋಗಿಗಳ ಪಂಕ್ತಿಯಲ್ಲಿ ಹೀಗೆ ಕುಳಿತಿರುವುದು ನಮಗೆ ಹೆಮ್ಮೆ. ಆದರೆ ಅದೇ ಕಾಲಕ್ಕೆ ಕನ್ನಡದಲ್ಲಿ ಏನು ನಡೆಯುತ್ತಿತ್ತು? ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ಬರೆದನು, ಕ್ರಿ. ಶ. ೧೫೦೦ರ ಸುಮಾರಿಗೆ ಗೂಳೂರು ಸಿದ್ಧವೀರಣ್ಣೊಡೆಯನು ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದನು. ಎರಡರಲ್ಲಿಯೂ ಅಲ್ಲಮನು ಗೋರಕ್ಷನ ಜೊತೆಗಾರನಲ್ಲ, ಅವನನ್ನು ಗೆದ್ದವನು. ಒಂದೇ ಶತಮಾನದಲ್ಲಿ ಒಬ್ಬನೇ ವ್ಯಕ್ತಿಯ ಎರಡು ನೆನಪುಗಳು!

ಕಥೆ ಎಲ್ಲರಿಗೂ ಗೊತ್ತು. ಸಾಧನೆಯಿಂದ ವಜ್ರಕಾಯನಾದ ಗೋರಕ್ಷನು ತನ್ನನ್ನು ಕಡಿದು ನೋಡೆಂದು ಅಲ್ಲಮನಿಗೆ ಕತ್ತಿ ಕೊಡುತ್ತಾನೆ. ಹೊಡೆತಕ್ಕೆ ಕಬ್ಬಿಣದ ಮೇಲೆ ಬಿದ್ದಂತೆ ಸದ್ದು. ಒಂದು ಕೂದಲೂ ಕೊಂಕಲಿಲ್ಲ. ಸದ್ದಾಯಿತೆಂದರೆ ಸಿದ್ಧಿ ಇನ್ನೂ ಅರೆಯೆಂದು ಅಲ್ಲಮನ ತೀರ್ಪು. ಅನಂತರ ಗೋರಕ್ಷನು ಅಲ್ಲಮನ ಮೇಲೆ ಬೀಸಿದರೆ ಕತ್ತಿ ಗಾಳಿಯಲ್ಲಿ ಆಡಿದಂತೆ ಅಡ್ಡವಿಲ್ಲದೆ ಹಾದುಹೋಗುತ್ತದೆ. ಇದು ನಡೆಯುವುದು ಶ್ರೀಶೈಲದ ಕಡೆಯಲ್ಲಿ, ಅಂದರೆ ನಮ್ಮ ಊರಿನ ಬಾಗಿಲಿಂದಾಚೆಗೆ.

ವಿಮರ್ಶಕರು ಸಾಮಾನ್ಯವಾಗಿ ಇದನ್ನು ಕಾಯಸಿದ್ಧಿಯ ಮೇಲೆ ಅರಿವಿನ ಗೆಲುವೆಂದು ಹೇಳಿ ಮುಂದೆ ಸಾಗುತ್ತಾರೆ. ಅದು ಸರಿಯೇ, ಆದರೆ ಸಂಪಾದನಕಾರರು ಗೋರಕ್ಷನನ್ನು ತೀರ ಸುಲಭವಾದ ಎದುರಾಳಿಯನ್ನಾಗಿ ಮಾಡಿದರೆಂಬ ಆಕ್ಷೇಪಣೆಯನ್ನು ನಾನು ಮುಂದಿಡಬಯಸುತ್ತೇನೆ. ಅವನ ವಾದವನ್ನು ಪೂರ್ತಿಯಾಗಿ ಹೇಳಲು ಅವರು ಅವನಿಗೆ ಎಡೆಗೊಡಲಿಲ್ಲ. ದೇಹವನ್ನು ಗಟ್ಟಿಮಾಡಿಕೊಳ್ಳಬೇಕೆಂಬ ನಾಥಯೋಗಿಯ ಹಟದಲ್ಲಿ ಸಿದ್ಧಿಯ ಆಸೆಯೊಂದೇ ಇರಲಿಲ್ಲ. ರೋಗ, ಮುಪ್ಪು, ಸಾವುಗಳಿಗೆ ಸುಮ್ಮನೆ ತಲೆಬಾಗೆನೆಂಬ ಛಲವೂ ಇತ್ತು. ಒಡಲೊಂದೇ ಆಸ್ತಿಯಾಗಿ, ಸುಗ್ಗಿ ಮುಗಿದೊಡನೆ ದೂರದ ಊರುಗಳಿಗೆ ಮಣ್ಣು ಹೊರಲು ಹೋಗುವ ನಮ್ಮ ಸೀಮೆಯ ಕೂಲಿಕಾರನಿಗೆ ಗೋರಕ್ಷನ ಮಾತು ಅಲ್ಲಮನ ಮಾತಿಗಿಂತ ಬೇಗ ತಾಗುತ್ತದೆ. ಅಲ್ಲಮನ ಬಯಲೂ ಅಗ್ಗವಲ್ಲ. ಸದ್ದು ಮಾಡುವಷ್ಟು ಗಟ್ಟಿಯಾದ ಕಾಯವನ್ನು ಒಮ್ಮೆ ಎದುರಿಗೆ ನಿಲ್ಲಿಸದೆ ಬಯಲು ಏನೆಂಬುದನ್ನು ತೋರಿಸಲು ಸಂಪಾದನಕಾರರಿಗೂ ಆಗಲಿಲ್ಲ. ಕಥೆಯ ಬಲವೆಲ್ಲ ಆ ಒಂದು ಸದ್ದಿನಲ್ಲಿದೆ. ಸೋತವನ ಕಡೆಯಿಂದ ಬಂದ ಸದ್ದು ಅದು.

ಅಲ್ಲಮನು ಯೋಗವನ್ನು ಅರಿಯದೆ ಅಲ್ಲಗಳೆದವನಲ್ಲವೆಂಬುದಕ್ಕೆ ಅವನ ಊರೇ ಸಾಕ್ಷಿ. ಹರಿಹರನು ಹೇಳುವಂತೆ ಅವನು ಬಳ್ಳಿಗಾವೆಯವನು. ಆ ಊರಿನ ಕಾಳಾಮುಖರ ಕೋಡಿಯಮಠದಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯಗಳ ಜೊತೆಗೆ ಪಾತಂಜಲ ಯೋಗಶಾಸ್ತ್ರವನ್ನೂ ಓದಿಸುತ್ತಿದ್ದರೆಂದು ೧೧೬೨ರ ಶಾಸನ ವರ್ಣಿಸುತ್ತದೆ. ಇಡೆ, ಪಿಂಗಳೆ, ಬ್ರಹ್ಮರಂಧ್ರಗಳ ಪರಿಭಾಷೆ ಅಂಥ ಊರಿನವನಿಗೆ ಮನೆಮಾತಿನಷ್ಟು ಸಲೀಸು. ಅವನ ಬೆಡಗಿನ ವಚನಗಳಲ್ಲಿ ಬರುವ ಮರ, ಹಕ್ಕಿ, ಹಾವು, ಕಿಚ್ಚುಗಳನ್ನು ಬಿಡಿಸಲು ಹೋದ ಟೀಕಾಕಾರರು ಪ್ರತಿಯೊಂದಕ್ಕೂ ಒಂದು ನಾಡಿ, ಒಂದು ಚಕ್ರವನ್ನು ಸಮೀಕರಿಸಿ ಕೊಟ್ಟಿದ್ದಾರೆ. ಪರೀಕ್ಷೆಗೆ ಓದುವ ಹುಡುಗರಿಗೆ ಇದು ಉಪಕಾರ, ಕವಿತೆಗೆ ಅಪಕಾರ. ಹಾವೆಂದರೆ ಕುಂಡಲಿನಿ ಎಂದು ಉತ್ತರ ಬರೆದು ಅಂಕ ಪಡೆದ ಹುಡುಗನು ಹಾವಿನ ಭಯವನ್ನೇ ಮರೆತಿರುತ್ತಾನೆ.

ನಮ್ಮ ಶಾಲೆಗಳ ಸಂಗತಿಯನ್ನೂ ಇಲ್ಲಿ ಹೇಳಬೇಕು. ೨೦೧೫ರಿಂದ ಪ್ರತಿ ಜೂನ್ ೨೧ರಂದು ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ಕೂರಿಸಿ ಆಸನ ಮಾಡಿಸುತ್ತೇವೆ, ಮಾಡಿಸುವುದು ಒಳ್ಳೆಯದು. ಮರುದಿನದಿಂದ ಯೋಗವೆಂದರೆ ಏನೆಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಆ ತೆರವನ್ನು ಮೊಬೈಲ್ ತುಂಬುತ್ತದೆ. ಎರಡು ವರ್ಷಗಳ ಹಿಂದೆ ಒಬ್ಬ ತಾಯಿ ತನ್ನ ಮಗನನ್ನು ನನ್ನ ಕೊಠಡಿಗೆ ಕರೆತಂದಳು. ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಹೋಗುತ್ತಿದ್ದ ಹುಡುಗ. ವೀಡಿಯೋ ನೋಡಿ ರಾತ್ರಿಯೆಲ್ಲ ಉಸಿರು ಕಟ್ಟಿ ಕುಳಿತು ವಾರಗಟ್ಟಲೆ ನಿದ್ದೆಗೆಟ್ಟಿದ್ದ. ‘ಸಾರ್, ಬೆನ್ನಾಗ ಬೆಂಕಿ ಹರಿದಾಡ್ತೈತ್ರಿ’ ಎಂದ. ಅವನಿಗೆ ಹೆದರಿಕೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತು. ತಾಯಿ ‘ಯಾರೋ ಮಾಡಿಸ್ಯಾರ ಸಾರ್’ ಎಂದು ಬಿಡಿಸುವವನನ್ನು ಹುಡುಕುತ್ತಿದ್ದಳು. ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ ಕರ್ನೂಲಿನ ವೈದ್ಯರ ಬಳಿಗೆ ಕಳುಹಿಸಿದೆನು. ಔಷಧ, ನಿದ್ದೆ, ಊಟಗಳಿಂದ ಹುಡುಗ ಸುಧಾರಿಸಿದ. ಉಸಿರನ್ನು ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುವುದೆಂದು ‘ಹಠಯೋಗಪ್ರದೀಪಿಕೆ’ಯೇ ಎಚ್ಚರಿಸಿದೆ. ಈ ಒಂದು ಮಾತನ್ನು ಆ ವೀಡಿಯೋ ಮಾಡಿದವರು ಬಿಟ್ಟಿದ್ದರು. ನಮ್ಮ ಪಠ್ಯಪುಸ್ತಕದಲ್ಲಿಯೂ ಅದಿಲ್ಲ. ತಾಯಿಯ ತಂತ್ರ ಒಂದು, ಮಗನ ತಂತ್ರ ಇನ್ನೊಂದು. ಮೂರನೆಯದಾದ ಶಾಸ್ತ್ರದ ತಂತ್ರವನ್ನು ಅವರಿಗೆ ಎರಡು ಮಾತಿನಲ್ಲಿ ತಿಳಿಸಬಲ್ಲವರು ಊರಿನಲ್ಲಿ ಇರಬೇಡವೆ?

ಒಂದು ಕಾಲಕ್ಕೆ ಇದ್ದರು, ಕೆಲವೆಡೆ ಇಂದಿಗೂ ಇದ್ದಾರೆ, ತತ್ತ್ವಪದ ಹಾಡುವವರು. ಕಡ್ಲೇವಾಡ ಹಾದಿಯಲ್ಲಿ ಕೇಳಿದರೂ ಕಡಕೋಳ ಮಡಿವಾಳಪ್ಪನ ಹೆಸರು ಬರುತ್ತದೆ. ಹುಬ್ಬಳ್ಳಿ ಕಡೆಗೆ ಹೋದರೆ ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು (೧೮೧೯–೧೮೮೯). ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಇಬ್ಬರ ನಡುವೆ ಹರಿದುದು ಇದೇ ಯೋಗದ ಪರಿಭಾಷೆ. ಏಕತಾರಿ, ದಮ್ಮಡಿಗಳ ಮೇಳದಲ್ಲಿ ಒಂಬತ್ತು ಬಾಗಿಲ ಮನೆ, ಆರು ಮೆಟ್ಟಿಲು, ನೆತ್ತಿಯ ಮೇಲಿನ ದೀಪ ಎಂದು ಹಾಡಿದರೆ ಅಕ್ಷರ ಬಾರದ ಮುದುಕಿಯೂ ತಲೆದೂಗುತ್ತಾಳೆ. ಸಂಸ್ಕೃತ ಗ್ರಂಥವು ದೀಕ್ಷೆಯಾದವರಿಗೆ ಮಾತ್ರವೆಂದು ಮುಚ್ಚಿಟ್ಟುದನ್ನು ತತ್ತ್ವಪದಕಾರರು ಅಮಾವಾಸ್ಯೆಯ ಭಜನೆಯಲ್ಲಿ ಎಲ್ಲರೆದುರು ಬಿಚ್ಚಿದರು. ಬಿಚ್ಚಿಯೂ ಗುಟ್ಟನ್ನು ಉಳಿಸಿಕೊಂಡರು: ಗುರುವಿಲ್ಲದೆ ಮೆಟ್ಟಿಲು ಹತ್ತಬೇಡವೆಂಬ ಎಚ್ಚರಿಕೆ ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾವ್ಯದ ದೃಷ್ಟಿಯಿಂದ ಇವುಗಳಲ್ಲಿ ಎಷ್ಟೋ ಪದಗಳು ಒಂದೇ ಅಚ್ಚಿನವು, ಅದನ್ನು ಮುಚ್ಚಬೇಕಾಗಿಲ್ಲ. ಆದರೆ ಹತ್ತರಲ್ಲಿ ಒಂದು ನೇರವಾಗಿ ಎದೆಗೆ ಬರುತ್ತದೆ.

ನಮ್ಮ ಭಾಗದಲ್ಲಿ ಈ ಹಾಡುಗಳಿಗೆ ಇನ್ನೊಂದು ವಿಶೇಷವುಂಟು. ತೆಲುಗಿನಲ್ಲಿ ವೇಮನನ ಪದ್ಯಗಳು, ಪೋತುಲೂರಿ ವೀರಬ್ರಹ್ಮಂ ಅವರ ತತ್ತ್ವಾಲು, ಕನ್ನಡದಲ್ಲಿ ತತ್ತ್ವಪದಗಳು. ಭಜನೆಯ ರಾತ್ರಿ ಒಬ್ಬನೇ ಹಾಡುಗಾರನು ಒಂದನ್ನು ಕನ್ನಡದಲ್ಲಿ ಎತ್ತಿ, ಮುಂದಿನದನ್ನು ತೆಲುಗಿನಲ್ಲಿ ಹಾಡುತ್ತಾನೆ; ಕೇಳುವವರಿಗೆ ಭಾಷೆ ಬದಲಾದುದು ತಿಳಿಯುವುದೇ ಇಲ್ಲ. ಕನ್ನಡದ ‘ಬಯಲು’ ಎಂಬ ಮಾತು ಬಂದಾಗ ಮಾತ್ರ ತೆಲುಗಿನವನು ತಡೆಯುತ್ತಾನೆ. ‘ಬಯಲು’ ಎಂಬ ಶಬ್ದ ತೆಲುಗಿನಲ್ಲಿಯೂ ಉಂಟು. ಆದರೆ ಅವರಲ್ಲಿ ಅದಕ್ಕೆ ಹೊರಗಿನ ಮೈದಾನವೆಂಬ ಅರ್ಥವೇ ಮೊದಲು ಬರುತ್ತದೆ, ಅಲ್ಲಮನಿಂದೀಚೆಗೆ ಕನ್ನಡದಲ್ಲಿ ಸೇರಿಕೊಂಡ ಅರ್ಥ ಅಷ್ಟು ಬೇಗ ಬರುವುದಿಲ್ಲ. ಆಗ ನಮ್ಮ ಹಾಡುಗಾರರು ಏಕತಾರಿಯನ್ನು ನಿಲ್ಲಿಸಿ ಎರಡೂ ಭಾಷೆಗಳಲ್ಲಿ ಅರ್ಥ ಹೇಳುತ್ತಾರೆ. ಆ ಅರ್ಥವಿವರಣೆಗಳನ್ನು ಯಾರೂ ಬರೆದಿಟ್ಟಂತಿಲ್ಲ. ಮಕ್ತಲ್, ಕೃಷ್ಣಾ ಕಡೆಯ ಕನ್ನಡ ಶಾಲೆಗಳ ಅಧ್ಯಾಪಕರು ತಮ್ಮ ಊರಿನ ಭಜನೆಗೆ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ, ಹಾಡಿಗಿಂತ ಮೊದಲು ಹಾಡುಗಳ ನಡುವಿನ ಈ ಮಾತುಗಳನ್ನು, ಹಾಡುಗಾರರು ಹೇಳಿದ ಹಾಗೆಯೇ, ತಿದ್ದದೆ ಬರೆದುಕೊಂಡರೆ ಮುಂದಿನ ಸಂಚಿಕೆಗೆ ಅದಕ್ಕಿಂತ ಬೆಲೆಯುಳ್ಳ ಸಾಮಗ್ರಿ ಬೇಕಾಗದು.